ಹನ್ನೊಂದರಲ್ಲಿ ಏಳನೆಯದು

ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ಟಿಗೆ ನೀರು ಬೀಳುವ ಸದ್ದಿನ ಮರೆಯಲ್ಲಿ ಅವನು ಮೊದಲನೆಯ ಸಂದೇಶವನ್ನು ಓದಿದ. ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಓದಿದ. ಇಪ್ಪತ್ತೆಂಟು ವರ್ಷ ವಾಲಿಬಾಲ್ ಅಂಕಣದ ಅಂಚಿನಲ್ಲಿ ನಿಂತು ಕೂಗಿದ ಗಂಟಲು ಅದು. ನಾಲ್ಕು ಸಾವಿರ ಜನರ ಗದ್ದಲ ಸೀಳಿಕೊಂಡು ಆಚೆ ಮೂಲೆಯ ಹುಡುಗಿಗೆ ‘ಹಿಂದೆ ಸರಿ’ ಎಂದು ಮುಟ್ಟಿಸುತ್ತಿದ್ದ ಗಂಟಲು. ಈಗ ಸ್ವಂತ ಬಚ್ಚಲಿನಲ್ಲಿ ಸ್ವಂತ ಮಾತನ್ನು ಓದಲು ಒಲ್ಲೆನೆನ್ನುತ್ತಿತ್ತು. ಕನ್ನಡಿಯೊಳಗೆ ಅರ್ಧ ಕೆನ್ನೆಗೆ ಸೋಪು ಹಚ್ಚಿಕೊಂಡ ಒಬ್ಬ ಮನುಷ್ಯ ಕಾಗದ ಒದ್ದೆಯಾಗದಂತೆ ಎತ್ತಿ ಹಿಡಿದು ನಿಂತಿದ್ದ. ಲೀಗ್‌ನ ಶಿಸ್ತು ಸಮಿತಿ ಕಳಿಸಿದ ನೋಟಿಸಿನಲ್ಲಿ ನಾಲ್ಕನೆಯ ನಿಯಮ ಸ್ಪಷ್ಟವಾಗಿತ್ತು: ಆರೋಪಕ್ಕೆ ಒಳಗಾದ ಕೋಚ್ ತಾನು ಕಳಿಸಿದ ಪ್ರತಿಯೊಂದು ಸಂದೇಶವನ್ನೂ ಸಮಿತಿಯ ಮುಂದೆ ತಾನೇ ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ‘ಇದು ನನ್ನದು’ ಎಂದು ಹೇಳಬೇಕು. ಹನ್ನೊಂದು ಸಂದೇಶ, ಹನ್ನೊಂದು ಸಲ ಇದು ನನ್ನದು. ಯಾವ ಪುಣ್ಯಾತ್ಮ ಈ ನಿಯಮ ಬರೆದನೋ, ಕೋಲಿಗಿಂತ ಇದು ಹೆಚ್ಚು ತಾಗುತ್ತದೆ ಎಂದು ಬಲ್ಲವನೇ ಇರಬೇಕು. ಒಂದು ಅನುಮಾನಕ್ಕೆ ಮಾತ್ರ ನೋಟಿಸಿನಲ್ಲಿ ಉತ್ತರವಿರಲಿಲ್ಲ. ಮೂರನೆಯ ಸಂದೇಶದ ಕೊನೆಯಲ್ಲಿ, ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು ನಾಲ್ಕು ಇದ್ದವು. ಅವನ್ನು ಓದುವುದು ಹೇಗೆ?

“ನೀರು ಸುಮ್ನೆ ಹರಿದು ಹೋಗ್ತಿದೆ,” ಎಂದಳು ಹೆಂಡತಿ ಬಾಗಿಲಾಚೆಯಿಂದ. “ಓದೋದಾದ್ರೆ ನಲ್ಲಿ ನಿಲ್ಸಿ ಓದಿ. ಪೇಪರಲ್ಲಿ ಊರೆಲ್ಲ ಓದಿದ್ದನ್ನ ನಾನೊಬ್ಳು ಕೇಳಿಸ್ಕೊಂಡ್ರೆ ಏನೂ ಆಗಲ್ಲ.”

ಪೇಪರಿನಲ್ಲಿ ಬಂದದ್ದು ಮೂರು. ಉಳಿದ ಎಂಟು ಅವಳಿಗೆ ಗೊತ್ತಿರಲಿಲ್ಲ. ಆ ಮೂರನ್ನು ಓದಿದ ದಿನ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಪೇಪರನ್ನು ಮಡಿಸಿ ಮೇಜಿನ ಕಾಲು ಅಲುಗುತ್ತಿದ್ದ ಕಡೆ ಒತ್ತರಿಸಿಟ್ಟಳು. ಮಾರನೆಯ ದಿನ ಮೇಜು ಅಲುಗಲಿಲ್ಲ. ಇಪ್ಪತ್ತು ದಿನದಿಂದ ಅವನು ಆ ಮೇಜಿನ ಮೇಲೇ ತಿಂಡಿ ತಿನ್ನುತ್ತಿದ್ದ, ಕಾಲಬೆರಳಿಗೆ ಪೇಪರಿನ ಅಂಚು ತಾಗಿದಾಗಲೆಲ್ಲ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ಬಾಯಿಬಿಟ್ಟು ಹೇಳಿದ್ದರೆ ವಾಸಿಯಿತ್ತು. ನಲ್ಲಿ ನಿಲ್ಲಿಸಿದ. ನಿಲ್ಲಿಸಿದ ಮೇಲೆ ಓದಲಾಗಲಿಲ್ಲ. ಉಳಿದರ್ಧ ಕೆನ್ನೆಯನ್ನು ಬೋಳಿಸಿ, ಕಾಗದವನ್ನು ನಾಲ್ಕಾಗಿ ಮಡಿಸಿಕೊಂಡು ಹೊರಗೆ ಬಂದ.

ಯೋಚಿಸಿದಷ್ಟೂ ಅವನಿಗೆ ನಗು ಬರುತ್ತಿದ್ದದ್ದು ತಾನು ಸಿಕ್ಕಿಬಿದ್ದ ರೀತಿಗೆ. ಪಂದ್ಯದ ಹೊತ್ತಿನಲ್ಲಿ ಗ್ಯಾಲರಿಯ ಮೇಲ್ತುದಿಯಲ್ಲಿ ಕೂರುವ ವಿಡಿಯೋದವನು ಪ್ರತಿ ಪಾಯಿಂಟಿನ ತುಣುಕನ್ನೂ ಕತ್ತರಿಸಿ ಬೆಂಚಿನ ಮೇಲಿರುವ ತಂಡದ ಟ್ಯಾಬಿಗೆ ಕಳಿಸುತ್ತಾನೆ. ಬೆಂಚಿನ ಹುಡುಗಿಯರು ಅದನ್ನು ನೋಡುತ್ತ, ಎದುರು ತಂಡದವಳು ಹೊಡೆಯುವ ಮೊದಲು ಯಾವ ಭುಜ ತಗ್ಗಿಸುತ್ತಾಳೆಂದು ಕಲಿಯುತ್ತಾರೆ. ಟ್ಯಾಬಿಗೆ ಲೀಗ್‌ನವರು ಬೇರೆಯೇ ನಂಬರು ಕೊಟ್ಟಿದ್ದರು. ಹಿಂದಿನ ಸೀಸನ್ನಿನ ಮೊದಲ ಪಂದ್ಯದ ದಿನ ಆ ನಂಬರು ಕೆಲಸ ಮಾಡಲಿಲ್ಲ. ಶಿಳ್ಳೆ ಊದಲು ಮೂರು ನಿಮಿಷವಿತ್ತು. ‘ಇವತ್ತೊಂದು ದಿನಕ್ಕೆ’ ಎಂದು ಅವನು ತನ್ನ ಫೋನಿನ ನಂಬರನ್ನೇ ಅದಕ್ಕೆ ಜೋಡಿಸಿದ. ಫೋನಿನ ಸಂದೇಶಗಳೆಲ್ಲ ಟ್ಯಾಬಿನಲ್ಲೂ ಕಾಣುತ್ತವೆಂದು ಹೊಳೆಯಲೇ ಇಲ್ಲ; ಆ ಒಂದು ದಿನ ಎರಡು ಸೀಸನ್ನಾಯಿತು. ಈ ಸೀಸನ್ನಿನ ಹದಿನೇಳನೆಯ ಪಂದ್ಯದ ಎರಡನೆಯ ಸೆಟ್ಟಿನಲ್ಲಿ ಅವನು ಅಂಕಣದ ಅಂಚಿನಲ್ಲೇ ನಿಂತು ವಿಡಿಯೋದವನಿಗೆ ಒಂದು ಸಾಲು ಬೆರಳಾಡಿಸಿ ಕಳಿಸಿದಾಗ, ಬೆನ್ನ ಹಿಂದೆ ಆರಡಿ ದೂರದ ಬೆಂಚಿನಲ್ಲಿ ಚೆಂಡೆತ್ತಿಕೊಡುವ ಎರಡನೆಯ ಸೆಟ್ಟರ್ ಹುಡುಗಿಯ ತೊಡೆಯ ಮೇಲಿದ್ದ ಟ್ಯಾಬಿನಲ್ಲಿ ಆ ಸಾಲು ಮೂಡಿತು. ಅವಳು ಓದಿದಳು. ಬೆರಳಿನಿಂದ ಮೇಲಕ್ಕೆ ಸರಿಸಿ ಇನ್ನೂ ಎರಡು ಓದಿದಳು. ಎರಡನೆಯದು ಅವಳ ಮೂಗಿನ ಬಗ್ಗೆಯೇ ಇತ್ತು; ಮುಂದೆ ಪೇಪರಿಗೆ ಹೋದದ್ದು ಈ ಮೂರೇ. ಆಮೇಲೆ ಅವನು ತಿರುಗಿ “ಬಾ, ಸರ್ವಿಸ್‌ಗೆ ಹೋಗು” ಎಂದ. ಅವಳು ಎದ್ದು ಹೋಗಿ ಮೂರು ಸರ್ವಿಸ್ ಮಾಡಿ ಮೂರೂ ಪಾಯಿಂಟ್ ತಂದಳು. ಅವನು ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯ ನೆನಪಾದರೆ ಈಗಲೂ ಅಂಗೈ ಉರಿಯುತ್ತದೆ.

ಕಾರು ನಡೆಸುತ್ತಿದ್ದದ್ದು ಭಾವಮೈದ, ಹೆಂಡತಿಯ ತಮ್ಮ. ವಕೀಲ. ಮನೆ ಬಾಡಿಗೆಯ ತಕರಾರು, ಕಾಂಪೌಂಡಿನ ತಕರಾರು ಇಂಥವನ್ನು ನೋಡಿಕೊಳ್ಳುವವನಿಗೆ ಇದೊಂದು ಪತ್ರಿಕೆಯಲ್ಲಿ ಬಂದ ಕೇಸು ಸಿಕ್ಕಿತ್ತು. ಹೊಸ ಟೈ ಕಟ್ಟಿಕೊಂಡು ಬಂದಿದ್ದ. ದುಃಖದ ಮನೆಗೆ ಹೋಗುವಾಗ ಹೊಸ ಚಪ್ಪಲಿ ಮೆಟ್ಟಿದವನ ಸಂಕೋಚ ಅವನ ಮುಖದಲ್ಲಿತ್ತು, ಸಂತೋಷವೂ ಇತ್ತು.

“ಭಾವ, ನೀವು ಓದಿ, ನಂದು ಅಂತ ಹೇಳಿ, ಬಾಯಿ ಮುಚ್ಕೊಂಡು ಕೂತ್ಕೊಳಿ. ವಾದ ಮಾಡೋದು ಏನೂ ಇಲ್ಲ. ಕೊನೇಲಿ ಅಧ್ಯಕ್ಷೆ ಕೇಳ್ತಾರೆ, ಆಟಗಾರ್ತಿಯರ ಕಡೆಯಿಂದ ಪತ್ರ ಏನಾದ್ರೂ ಇದ್ಯಾ ಅಂತ. ಆಗ ನಾನು ಇದನ್ನ ಕೊಡ್ತೀನಿ.” ಹಿಂದಿನ ಸೀಟಿನ ಮೇಲಿದ್ದ ಕಡತದ ಕಡೆಗೆ ಹೆಬ್ಬೆರಳು ತೋರಿಸಿದ. “ಇದಿದ್ರೆ ನಾಲ್ಕು ಪಂದ್ಯದ ಸಸ್ಪೆನ್ಷನ್, ಜೊತೆಗೊಂದು ವಾರ ನಡತೆ ಪಾಠ. ಇಲ್ದಿದ್ರೆ ಎರಡು ವರ್ಷ ನಿಷೇಧ. ಹಿಂದಿನ ಮೂರು ಕೇಸೂ ತೆಗೆದು ನೋಡಿದೀನಿ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು.”

ಕಡತದಲ್ಲಿದ್ದದ್ದು ತಂಡದಲ್ಲಿ ಎಲ್ಲರೂ ಗೋಡೆ ಎಂದು ಕರೆಯುವ ಆಟಗಾರ್ತಿ ಬರೆದ ಕಾಗದ. ಹನ್ನೊಂದರಲ್ಲಿ ಆರು ಸಂದೇಶಗಳು ಅವಳ ಮೇಲೆಯೇ ಇದ್ದವು. ಎರಡು ವರ್ಷ ಎಂದರೆ ಅವನಿಗೆ ಐವತ್ತೈದಾಗುತ್ತದೆ, ಐವತ್ತೈದರ ನಿಷೇಧಿತ ಕೋಚನ್ನು ಶಾಲೆಯ ಮೈದಾನವೂ ಕರೆಯುವುದಿಲ್ಲ. ಅದರಿಂದ ಅವನನ್ನು ಉಳಿಸಬಹುದಾದ ಕಾಗದವನ್ನು ಬರೆದವಳೂ ಅವಳೇ. ವಿಚಾರಣೆ ಮುಗಿಯುವವರೆಗೆ ಆಟಗಾರ್ತಿಯರ ಜೊತೆ ಮಾತಾಡಕೂಡದೆಂದು ಅವನಿಗೆ ಅಪ್ಪಣೆಯಾಗಿತ್ತು. ಭಾವಮೈದನೇ ಹೋಗಿ ತಂದಿದ್ದ. ತರಬೇತಿಯ ಡೈರಿಯಿಂದ ಹರಿದ ಹಾಳೆ, ಮೇಲೆ ತಂಡದ ಲಾಂಛನ, ಕೆಳಗೆ ದುಂಡಗಿನ ಅಕ್ಷರ. ‘ಸರ್ ನನಗೆ ಹದಿಮೂರು ವರ್ಷದಿಂದ ಆಟ ಕಲಿಸಿದ್ದಾರೆ. ನನ್ನ ಮುಖದ ಎದುರು ಅವರು ಒಂದು ದಿನವೂ ಕೆಟ್ಟ ಮಾತು ಆಡಿಲ್ಲ. ಈ ಸೀಸನ್ ಮುಗಿಯುವವರೆಗೆ ತಂಡಕ್ಕೆ ಅವರು ಬೇಕು. ನನ್ನಿಂದ ಅವರ ಮೇಲೆ ಯಾವ ದೂರೂ ಇಲ್ಲ.’ ಅಷ್ಟೇ. ಅವನು ಅದನ್ನು ಎಷ್ಟು ಸಲ ಓದಿದ್ದನೆಂದರೆ ಸಂದೇಶಗಳಿಗಿಂತ ಅದೇ ಬಾಯಿಪಾಠವಾಗಿತ್ತು. ಪಾಪದ ಹುಡುಗಿ ಎಂದುಕೊಂಡಿದ್ದ. ಪೇಪರಿನಲ್ಲಿ ಬಂದ ಮೂರನ್ನು ಮಾತ್ರ ನೋಡಿದ್ದಾಳೆ, ಉಳಿದದ್ದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇಷ್ಟು ಒಳ್ಳೆಯ ಅಕ್ಷರದಲ್ಲಿ ಬರೆಯಲಾಗಿದೆ.

ಗೋಡೆ ಎಂದು ಅವಳಿಗೆ ಹೆಸರಿಟ್ಟವನು ಅವನೇ. ಹದಿಮೂರು ವರ್ಷದ ಹಿಂದೆ ಒಂದು ಶಾಲೆಯ ಮೈದಾನದಲ್ಲಿ, ಗೆಳತಿಯರಿಗಿಂತ ಒಂದೂವರೆ ಗೇಣು ಎತ್ತರವಿದ್ದ ಹುಡುಗಿ ಆ ಎತ್ತರವನ್ನು ಬಚ್ಚಿಡಲು ಬೆನ್ನು ಬಗ್ಗಿಸಿ, ಮೊಣಕಾಲು ಮಡಿಸಿ ಸಾಲಿನಲ್ಲಿ ನಿಂತಿದ್ದಳು. ಅವನು ಹತ್ತಿರ ಹೋಗಿ ಎರಡು ಬೆರಳಲ್ಲಿ ಅವಳ ಬೆನ್ನಿನ ನಡುವನ್ನು ತಟ್ಟಿ “ನೆಟ್ಟಗೆ ನಿಂತ್ಕೋ ಮಗಳೇ, ಇದು ಕದ್ದ ಮಾಲಲ್ಲ” ಎಂದಿದ್ದ. ಅವಳು ನೆಟ್ಟಗೆ ನಿಂತಳು. ಆಮೇಲೆ ಹದಿಮೂರು ವರ್ಷ ಬಲೆಯ ಮುಂದೆ ಹಾಗೇ ನಿಂತಳು, ಎರಡು ಕೈ ಎತ್ತಿದರೆ ಆಚೆಯವರಿಗೆ ಅಂಕಣವೇ ಕಾಣದ ಹಾಗೆ. ಗ್ಯಾಲರಿ ‘ಗೋಡೆ, ಗೋಡೆ’ ಎಂದು ಕೂಗುವಾಗ ಅವಳು ತಿರುಗಿ ಅವನ ಕಡೆ ನೋಡುತ್ತಿದ್ದಳು. ಸರ್ವಿಸ್‌ಗೆ ಮೊದಲು ತಡೆಯುವವಳು ಬೆನ್ನ ಹಿಂದೆ ಕೈಯಿಟ್ಟು ಬೆರಳಲ್ಲಿ ಸನ್ನೆ ಮಾಡಬೇಕು: ಒಂದು ಬೆರಳೆಂದರೆ ಗೆರೆಯ ಕಡೆ ಮುಚ್ಚುತ್ತೇನೆ, ಎರಡೆಂದರೆ ಅಡ್ಡ ಹೊಡೆತ, ಮುಷ್ಟಿ ಎಂದರೆ ನಾನು ಹಾರುವುದಿಲ್ಲ, ಹಿಂದಿನವರು ನೋಡಿಕೊಳ್ಳಿ. ಅವಳ ಬೆರಳಿನ ಮಾತು ಸುಳ್ಳಾದದ್ದು ಅವನಿಗೆ ನೆನಪಿಲ್ಲ. ಈಚೆಗೆ ಮುಷ್ಟಿ ಹೆಚ್ಚಾಗಿತ್ತು. ಎಡ ಮೊಣಕಾಲು ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು. ಅದು ಗೊತ್ತಿದ್ದದ್ದು ಅವಳಿಗೆ, ಅವನಿಗೆ, ಊರಾಚೆಯ ಒಬ್ಬ ಡಾಕ್ಟರಿಗೆ. ತಂಡದ ಫಿಸಿಯೋಗೆ ತಿಳಿದರೆ ಮಾಲೀಕರಿಗೆ ತಿಳಿಯುತ್ತದೆಂದು ಪ್ರತಿ ಪಂದ್ಯದ ಮುನ್ನ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಅವನೇ ಅವಳ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಇದು ಅವಳ ಹತ್ತನೆಯ ಸೀಸನ್. ಹತ್ತು ಪೂರೈಸಿದವರಿಗೆ ಲೀಗ್ ತನ್ನ ಕೋಚ್‌ಗಳ ಶಾಲೆಯಲ್ಲಿ ನೇರವಾಗಿ ಜಾಗ ಕೊಡುತ್ತದೆ, ಒಂಬತ್ತೂವರೆಗೆ ಏನೂ ಇಲ್ಲ. ಕೊನೆಯ ಪಂದ್ಯದವರೆಗೆ ತಂಡದ ಹನ್ನೆರಡು ಆಟಗಾರ್ತಿಯರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂದಿದ್ದಳು. ಇರುತ್ತದೆ ಎಂದಿದ್ದ. ಪಟ್ಟಿ ಸುತ್ತಿದ ಕೈಯಲ್ಲೇ ಅರ್ಧ ಗಂಟೆಯ ನಂತರ ಗ್ಯಾಲರಿಯ ವಿಡಿಯೋದವನಿಗೆ ಟೈಪು ಮಾಡಿದ್ದ: ‘ಎಮ್ಮೆ ಇವತ್ತು ನೆಲ ಬಿಟ್ಟು ಏಳ್ತಿಲ್ಲ. ಕ್ರೇನ್ ತರಿಸು.’ ಎದುರಿಗೆ ಗೋಡೆ, ಫೋನಿನಲ್ಲಿ ಎಮ್ಮೆ. ಎರಡನ್ನೂ ಒಂದೇ ಮನುಷ್ಯ ಹೇಳಿದ್ದು ಹೌದೇ ಎಂದು ಯಾರಾದರೂ ಕೇಳಿದರೆ, ಹೌದು, ಒಂದೇ ಮಧ್ಯಾಹ್ನ ಎನ್ನಬೇಕಿತ್ತು.

ಲೀಗ್ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಕಾಯುವ ಕೋಣೆಯಲ್ಲಿ ಗಾಜಿನ ಬೀರು, ಬೀರುವಿನಲ್ಲಿ ಕಪ್ಪುಗಳು, ಅವುಗಳಲ್ಲೊಂದು ಅವನ ತಂಡ ಗೆದ್ದದ್ದರ ನಕಲು. ವಿಡಿಯೋದವನು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಎಚ್ಚರಿಕೆಯ ಕಾಗದ ಕೊಟ್ಟು ಬಿಟ್ಟಿದ್ದರು. ಸಂದೇಶ ಬಂದದ್ದು ತನಗೇ ಎಂದು ಸಹಿ ಹಾಕಲು ಕರೆಸಿದ್ದರು. ಎರಡು ವರ್ಷ ದಿನಕ್ಕೆ ಹತ್ತು ಸಲ ಮಾತಾಡಿದವರು ಈಗ ಬಸ್ಸಿನಲ್ಲಿ ಕಾಲು ತುಳಿದುಕೊಂಡ ಅಪರಿಚಿತರ ಹಾಗೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ವಿಡಿಯೋದವನು ಎದ್ದು ಬಂದು ಬಗ್ಗಿ ಹೇಳಿದ: “ಸರ್, ಬೇಜಾರು ಮಾಡ್ಕೋಬೇಡಿ. ನಾನು ಬರೀ ನಗುಮುಖ ಕಳಿಸ್ತಿದ್ದೆ ಅಂತ ಬರ್ಕೊಟ್ಟಿದೀನಿ. ಅದು ನಿಜಾನೇ ಅಲ್ವಾ ಸರ್?” ನಿಜವೇ. ಆ ನಗುಮುಖಕ್ಕಾಗಿಯೇ ಬರೆಯುತ್ತಿದ್ದೆನಲ್ಲ ಎಂದು ಅವನಿಗೆ ಹೊಳೆದು ನಾಚಿಕೆಯಾಯಿತು. ದ್ವೇಷಕ್ಕೆ ಬರೆದಿದ್ದರೆ ಒಂದು ಮಾತಿತ್ತು. ಗ್ಯಾಲರಿಯ ಮೇಲ್ತುದಿಯಲ್ಲಿ ಕೂತ ಮೂವತ್ತರ ಒಬ್ಬ ಮನುಷ್ಯ ತನ್ನನ್ನು ತಮಾಷೆಗಾರ ಎಂದುಕೊಳ್ಳಲಿ ಎಂದು ಬರೆದದ್ದು. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಇಂಥ ಹಸಿವು ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಳಗೆ ಉದ್ದನೆಯ ಮೇಜಿನ ಆಚೆ ಮೂವರಿದ್ದರು. ನಿವೃತ್ತ ನ್ಯಾಯಾಧೀಶೆಯಾದ ಅಧ್ಯಕ್ಷೆ, ಹಳೆಯ ಆಟಗಾರ್ತಿಯೊಬ್ಬಳು, ಬರೆದುಕೊಳ್ಳಲು ಕಚೇರಿಯ ಗುಮಾಸ್ತ. ಹಳೆಯ ಆಟಗಾರ್ತಿಯ ಎದುರು ಅವನ ತಂಡ ಎಷ್ಟೋ ಸಲ ಆಡಿತ್ತು. ಅವಳ ಬಗ್ಗೆಯೂ ಏನಾದರೂ ಅಂದಿರಬೇಕು, ಆಗ ಬರೆದಿಡುವ ಯಂತ್ರವಿರಲಿಲ್ಲ ಅಷ್ಟೆ. ಕಿಟಕಿಯಿಂದ ಬಿಸಿಲು ಅವನ ಕುರ್ಚಿಯ ಮೇಲೆ ಮಾತ್ರ ಬೀಳುತ್ತಿತ್ತು. ಸರಿಸಿಕೊಳ್ಳಲೇ ಎಂದು ಕೇಳಲು ಧೈರ್ಯ ಬರಲಿಲ್ಲ. ಓದಲು ಶುರುಮಾಡಿದ. ಕ್ರೇನ್ ಎನ್ನುವಾಗ ದನಿ ಒಡೆಯಿತು. “ಇದು ನನ್ನದು.” ಎರಡನೆಯದು, ಮೂಗು. “ಇದು ನನ್ನದು.” ಮೂರನೆಯದು: ‘ಎಮ್ಮೆ ಹಾರಿದಾಗ ಒಂದು ಫೋಟೋ ತೆಗಿ, ಭೂಮಿ ಎಷ್ಟು ಹಗುರ ಆಗುತ್ತೆ ನೋಡೋಣ.’ ನಿಲ್ಲಿಸಿದ.

“ಇನ್ನೂ ಇದೆಯಲ್ಲ,” ಎಂದರು ಅಧ್ಯಕ್ಷೆ.

“ಅದು... ಮುಖಗಳು ಮೇಡಂ.”

“ಓದಿ.”

“ನಾಲ್ಕು ನಗುಮುಖ,” ಎಂದ. “ಇದು ನನ್ನದು.”

ಗುಮಾಸ್ತ ಬರೆದುಕೊಂಡ. ಫೋನಿನಲ್ಲಿ ಬೆರಳ ತುದಿಯಿಂದ ಹೊರಟು ಹೋದ ಮಾತುಗಳು ಬಾಯಲ್ಲಿ ಆಡಿದಾಗ ಬೇರೆಯೇ ತೂಕದ್ದಾಗುತ್ತವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನ ಅಜ್ಜಿ ಹೇಳುತ್ತಿದ್ದದ್ದು ಬಾಯಿಮಾತಿನ ಕಾಲಕ್ಕೆ. ಇವು ಹೋಗುವುದಿಲ್ಲ. ತಿರುಗಿ ಬಂದು, ಎದುರಿಗೆ ಕೂತು, ಓದು ಎನ್ನುತ್ತವೆ. ನಾಲ್ಕು ಓದಿದ. ಐದನೆಯದು ತಂಡಕ್ಕೆ ಹೊಸದಾಗಿ ಬಂದ ಹುಡುಗಿಯ ಮೈಬಣ್ಣದ್ದು, ದೀಪ ಆರಿದರೆ ಅವಳು ಎದುರು ತಂಡಕ್ಕೆ ಕಾಣುವುದಿಲ್ಲ ಎಂದು. ಅದನ್ನು ಓದುವಾಗ ಅಧ್ಯಕ್ಷೆಯ ಕೈ ಮೇಜಿನ ಮೇಲಿತ್ತು, ಕಪ್ಪು ಕೈ, ಉಗುರು ಸಣ್ಣಗೆ ಕತ್ತರಿಸಿದ್ದು. ಅವರು ಕೈ ತೆಗೆಯಲಿಲ್ಲ. ಆರು ಓದಿದ. ಬಿಸಿಲಿಗೆ ಕತ್ತಿನ ಹಿಂದೆ ಬೆವರು ಇಳಿಯಿತು. ಪಕ್ಕದಲ್ಲಿ ಭಾವಮೈದ ಟೈ ಸಡಿಲಿಸಿಕೊಂಡ.

ಏಳನೆಯದು ಬಂತು. ಹಿಂದಿನ ವರ್ಷ, ಸೆಮಿಫೈನಲಿಗೆ ಐದು ದಿನ ಮುಂಚೆ, ಗೋಡೆಯ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರು. ಅವನು ನೋಡಲು ಹೋದ. ಕೋಚ್ ಹೋಗಬೇಕು, ಅದು ಪದ್ಧತಿ. ಹಸಿರು ಬಣ್ಣ ಬಳಿದ ಉದ್ದನೆಯ ಕಾರಿಡಾರು, ಗೋಡೆಗೆ ಒತ್ತಿಟ್ಟ ಕಬ್ಬಿಣದ ಬೆಂಚು. ಅವಳು ತನ್ನ ಚಹಾದಲ್ಲಿ ಅರ್ಧ ಅವನ ಲೋಟಕ್ಕೆ ಬಗ್ಗಿಸಿ, ಎರಡು ರಾತ್ರಿ ನಿದ್ದೆಗೆಟ್ಟ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿ ತಲೆ ನಿಧಾನವಾಗಿ ಜಾರಿ ಅವನ ಹೆಗಲಿಗೆ ಬಂತು. ಅವನು ಅಲುಗಲಿಲ್ಲ. ಮಗಳಿದ್ದಿದ್ದರೆ ಇಷ್ಟೇ ಭಾರವಿರುತ್ತಿತ್ತೇನೋ ಎಂದುಕೊಂಡ, ನಿಜವಾಗಿಯೂ ಅಂದುಕೊಂಡ, ಕಣ್ಣು ತೇವವಾಯಿತು. ಆಗ ವಿಡಿಯೋದವನ ಸಂದೇಶ ಬಂತು, ಏನಾಯ್ತು ಸರ್, ಆಡ್ತಾಳಾ ಎಂದು. ಹೆಗಲು ಅಲುಗದಂತೆ, ಎಡಗೈಯಲ್ಲಿ, ಪರದೆಯನ್ನು ಆಚೆಗೆ ತಿರುಗಿಸಿಕೊಂಡು ಉತ್ತರ ಬರೆದ. ಅದನ್ನು ಈಗ ಬಲಗೈಯಲ್ಲಿ ಹಿಡಿದುಕೊಂಡಿದ್ದ.

“‘ಎಮ್ಮೆಯ ಅಮ್ಮ ಒಳ್ಳೇ ಟೈಮ್ ನೋಡಿ ಸಾಯ್ತಿದ್ದಾಳೆ. ಸೆಮಿಫೈನಲ್ ಮುಗಿಯೋವರೆಗೆ ತಡ್ಕೊಳೋಕೆ ಆಗಲ್ವಂತಾ ಕೇಳು.’”

 ಹಳೆಯ ಆಟಗಾರ್ತಿ ಎದ್ದು ಹೋಗಿ ಕಿಟಕಿಯ ಪರದೆ ಎಳೆದಳು. ಬಿಸಿಲಿಗೋ, ಅವನ ಮುಖ ಕಾಣದಿರಲೆಂದೋ ತಿಳಿಯಲಿಲ್ಲ. ಅಮ್ಮ ಎರಡು ದಿನದ ಮೇಲೆ ತೀರಿಕೊಂಡಿದ್ದಳು. ಗೋಡೆ ಮಣ್ಣು ಮುಗಿಸಿ ಬಂದು ಸೆಮಿಫೈನಲ್ ಆಡಿದ್ದಳು, ಒಂಬತ್ತು ಹೊಡೆತ ತಡೆದಿದ್ದಳು.

“ಇದು ನನ್ನದು,” ಎಂದ.

ಉಳಿದ ನಾಲ್ಕನ್ನು ಓದಿದ್ದು ಅವನಿಗೆ ನೆನಪಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡು, ಆಟಗಾರ್ತಿಯರ ಕಡೆಯಿಂದ ಅವನ ಪರವಾಗಿ ಪತ್ರವೇನಾದರೂ ಇದ್ದರೆ ಈಗ ಕೊಡಬಹುದು, ಆಮೇಲೆ ತೆಗೆದುಕೊಳ್ಳುವುದಿಲ್ಲ ಎಂದರು. ಭಾವಮೈದ ಕಡತದ ದಾರ ಬಿಚ್ಚಿದ. ತಂಡದ ಲಾಂಛನದ ಹಾಳೆ ಕಾಣಿಸಿತು. ದುಂಡಗಿನ ಅಕ್ಷರ. ನನ್ನ ಮುಖದ ಎದುರು ಅವರು ಒಂದು ದಿನವೂ ಕೆಟ್ಟ ಮಾತು ಆಡಿಲ್ಲ. ಹೆಗಲ ಮೇಲೆ ಮಲಗಿದ್ದವಳು ಬರೆದದ್ದು ಅದು, ಎಡಗೈ ಏನು ಮಾಡುತ್ತಿತ್ತೆಂದು ಕಾಣದವಳು. ಆ ಕಾಗದದ ಬಲದಿಂದ ನಾಲ್ಕು ಪಂದ್ಯ ಮನೆಯಲ್ಲಿ ಕೂತು, ಐದನೆಯದಕ್ಕೆ ಹೋಗಿ, ಸಾಮಾನಿನ ಕೋಣೆಯ ಬಾಗಿಲು ಹಾಕಿ, ಅವಳ ಮುಂದೆ ಮಂಡಿಯೂರಿ ಪಟ್ಟಿ ಸುತ್ತುವುದನ್ನು ಯೋಚಿಸಿದ. ಇಪ್ಪತ್ತು ದಿನದಲ್ಲಿ ಮೊದಲ ಸಲ ಅವನಿಗೆ ಒಂದು ವಿಷಯ ನಿಚ್ಚಳವಾಗಿ ಕಂಡಿತು. ಕೈ ಚಾಚಿ ಭಾವಮೈದನ ಬೆರಳುಗಳಿಂದ ಹಾಳೆಯನ್ನು ಎಳೆದುಕೊಂಡು, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

“ಯಾವ ಪತ್ರವೂ ಇಲ್ಲ ಮೇಡಂ.”

“ಭಾವ!” ಎಂದ ಭಾವಮೈದ, ಕಾಂಪೌಂಡಿನ ತಕರಾರಿನ ದನಿಯಲ್ಲಿ.

“ಇಲ್ಲ,” ಎಂದ ಅವನು ಮತ್ತೆ. “ನನ್ನ ಪರವಾಗಿ ಏನೂ ಇಲ್ಲ.”

ಅರ್ಧ ಗಂಟೆ ಹೊರಗೆ ಕೂರಿಸಿ ಮತ್ತೆ ಕರೆದರು. ಎರಡು ವರ್ಷ, ಇವತ್ತಿನಿಂದಲೇ. ತಂಡಕ್ಕೆ ನಾಳೆ ಹೊಸ ಕೋಚನ್ನು ನೇಮಿಸಲಾಗುವುದು; ಬಂದವರು ಹತ್ತು ದಿನದೊಳಗೆ ಹನ್ನೆರಡರ ಪಟ್ಟಿಯನ್ನು ತಮ್ಮ ಇಷ್ಟದಂತೆ ಬದಲಿಸಿಕೊಳ್ಳಬಹುದು. ಗುಮಾಸ್ತ ಇದನ್ನೆಲ್ಲ ಒಂದೇ ಉಸಿರಿಗೆ ಓದಿದ. ಅವನ ಮನಸ್ಸಿಗೆ ಇಳಿದದ್ದು ಎರಡು ವರ್ಷ ಎನ್ನುವುದು ಮಾತ್ರ. ಭಾವಮೈದ ಕಾರಿಡಾರಿನಲ್ಲಿ ತಲೆ ಚಚ್ಚಿಕೊಂಡ: “ಅಕ್ಕನಿಗೆ ನೀವೇ ಹೇಳ್ಕೊಳಿ. ನಾನು ಮಾತ್ರ ಹೇಳಲ್ಲ. ಕೈಗೆ ಬಂದ ತುತ್ತು!” ಕಾರು ತರುತ್ತೇನೆಂದು ಲಿಫ್ಟಿನಲ್ಲಿ ಇಳಿದು ಹೋದ. ಅವನಿಗೆ ಲಿಫ್ಟ್ ಬೇಕೆನಿಸಲಿಲ್ಲ. ಹಸಿವಾಗುತ್ತಿತ್ತು, ಅದೇ ಆಶ್ಚರ್ಯ. ಇಷ್ಟು ದಿನ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಮನೆಗೆ ಹೋಗಿ ಹೆಂಡತಿಯನ್ನು ಕೂರಿಸಿಕೊಂಡು ಹನ್ನೊಂದನ್ನೂ ಓದಿಬಿಡಬೇಕು. ಮೇಜಿನ ಕಾಲಡಿಯ ಪೇಪರು ತೆಗೆಯಬೇಕು. ಮೆಟ್ಟಿಲು ಇಳಿಯುತ್ತ, ಮನುಷ್ಯನ ಜೀವನದಲ್ಲಿ ಒಂದಾದರೂ ಸರಿಯಾದ ಕೆಲಸ ಇರಬೇಕು ಎಂದುಕೊಂಡ, ಅಂದುಕೊಂಡದ್ದು ತನಗೇ ಹಿತವಾಗಿ ಕೇಳಿಸಿತು.

ಒಂದು ಮಹಡಿ ಇಳಿದು ತಿರುಗಿದಾಗ, ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿಸಿದ ಬೆಂಚಿನ ಮೇಲೆ ಅವಳು ಕೂತಿದ್ದಳು. ಎಡಗಾಲನ್ನು ಉದ್ದಕ್ಕೆ ಚಾಚಿದ್ದಳು.

“ಲಿಫ್ಟ್ ಇದೆಯಲ್ಲ,” ಎಂದ. ಮೊದಲು ಬಾಯಿಗೆ ಬಂದದ್ದು ಅದೇ.

“ಲಿಫ್ಟಲ್ಲಿ ವಿಡಿಯೋ ಸರ್ ಇದ್ರು. ಅದಕ್ಕೇ ಹತ್ಕೊಂಡು ಬಂದೆ, ಇಲ್ಲಿಗೇ ಸಾಕಾಯ್ತು.” ಅವಳು ಏಳಲು ಹೋಗಿ ಮತ್ತೆ ಕೂತಳು. “ಎಷ್ಟು ಕೊಟ್ರು ಸರ್?”

“ಎರಡು ವರ್ಷ.”

ಅವಳು ಅವನನ್ನೇ ನೋಡಿದಳು. “ನಾಲ್ಕು ಪಂದ್ಯ ಅಂದಿದ್ರಲ್ಲ ನಿಮ್ಮ ಭಾವಮೈದ. ಕಾಗದ ಕೊಟ್ರೆ ನಾಲ್ಕೇ ಅಂದ್ರು.”

“ಕೊಡಲಿಲ್ಲ ನಾನು.” ಜೇಬು ಮುಟ್ಟಿಕೊಂಡ. ಗಂಟಲು ಸರಿಯಾಗಿ ಕೆಲಸ ಮಾಡುತ್ತಿತ್ತು ಈಗ. “ನೀನು ಪೂರ್ತಿ ತಿಳೀದೆ ಬರೆದದ್ದು ಇದು. ಪೇಪರಲ್ಲಿ ಬಂದಿದ್ದು ಬರೀ ಮೂರು. ಇನ್ನೂ ಇದ್ವು. ಹೇಗೆ ಹೇಳ್ಲಿ, ನಿಮ್ಮಮ್ಮನ ಬಗ್ಗೆ ಒಂದು...”

“ಏಳನೇದು,” ಎಂದಳು.

ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡರು. ಅವನು ಕಂಬಿ ಹಿಡಿದುಕೊಂಡ.

“ಹೋದ ವಾರವೇ ಕರೆಸಿದ್ರು. ಯಾರ ಮೇಲೆ ಬರೆದಿದ್ಯೋ ಅವ್ರಿಗೆ ಎಲ್ಲಾ ತೋರಿಸ್ಬೇಕಂತೆ, ಅದೂ ಒಂದು ನಿಯಮ. ಒಂದೊಂದು ಹಾಳೆಗೂ ಸಹಿ ಹಾಕಿಸ್ಕೊಂಡ್ರು. ಏಳನೇದಕ್ಕೆ ಸಹಿ ಹಾಕುವಾಗ ಪೆನ್ನು ಬರೀಲಿಲ್ಲ, ಆ ಗುಮಾಸ್ತರು ಅವ್ರ ಪೆನ್ನು ಕೊಟ್ರು.” ಅವಳು ಮೊಣಕಾಲನ್ನು ಅಂಗೈಯಿಂದ ನಿಧಾನವಾಗಿ ತಿಕ್ಕುತ್ತ ಮಾತಾಡುತ್ತಿದ್ದಳು. “ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಕೂತು ಬರೆದೆ. ಸುಳ್ಳು ಬರೀಬಾರ್ದು ಅಂತಿತ್ತು. ಒಂದೊಂದು ಮಾತು ಹುಡುಕೋಕೂ ಹೊತ್ತು ಹಿಡೀತು.”

ನನ್ನ ಮುಖದ ಎದುರು. ಈ ಸೀಸನ್ ಮುಗಿಯುವವರೆಗೆ. ಅವನಿಗೆ ಬಾಯಿಪಾಠವಾಗಿತ್ತಲ್ಲ, ಎಲ್ಲಿ ನೋಡಿದರೂ ಸುಳ್ಳಿರಲಿಲ್ಲ.

“ಓದಿ ಆದ್ಮೇಲೂ ಯಾಕೆ ಬರೆದೆ?”

“ಇನ್ನೇನು ಮಾಡ್ಲಿ ಸರ್?” ಎಂದಳು, ಅಷ್ಟೂ ತಿಳಿಯದೇ ಎಂಬಂತೆ. “ಒಂಬತ್ತು ಪಂದ್ಯ ಉಳಿದಿದೆ. ಹೊಸ ಕೋಚ್ ಬಂದು ಈ ಮೊಣಕಾಲು ಮುಟ್ಟಿ ನೋಡಿದ್ರೆ ಪಟ್ಟಿಯಿಂದ ತೆಗೀತಾರೆ. ತೆಗೀದೇ ಇರೋಕೆ ಅವ್ರಿಗೇನು, ನಾನು ಯಾರು ಅವ್ರಿಗೆ? ಪಟ್ಟೀಲಿ ಇಡ್ತೀನಿ ಅಂದವ್ರು ನೀವೊಬ್ರೇ. ಎಮ್ಮೆ ಅಂದವ್ರೂ ನೀವೇ. ಏನ್ಮಾಡೋದು, ಎರಡೂ ಒಂದೇ ಕಡೆ ಸಿಕ್ತು ನಂಗೆ.”

ಹತ್ತನೆಯ ಸೀಸನ್. ಅದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಕಾರಿನಲ್ಲಿ ನೆನಪಿತ್ತು. ಗುಮಾಸ್ತ ಹತ್ತು ದಿನ, ಪಟ್ಟಿ ಎಂದು ಓದಿದಾಗಲೂ ಕಿವಿಗೆ ಬಿದ್ದಿತ್ತು. ತನ್ನ ಒಳ್ಳೆಯತನವನ್ನು ಹಿಡಿದುಕೊಂಡು ಎದ್ದು ನಿಂತ ಆ ಒಂದು ನಿಮಿಷದಲ್ಲಿ ಮಾತ್ರ ಅವಳು ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ.

“ನಾನು ನಿನಗೋಸ್ಕರ ಅಂತ...” ಎಂದು ಶುರುಮಾಡಿದ.

“ನನಗೋಸ್ಕರ ಆಗಿದ್ರೆ ನನ್ನ ಕೇಳ್ತಿದ್ರಿ.”

“ಮಾತಾಡ್ಬಾರ್ದು ಅಂತ ಅಪ್ಪಣೆ ಇತ್ತು.”

“ಕಾಗದ ತಗೊಂಡು ಹೋಗೋಕೆ ಬಂದಿದ್ರಲ್ಲ ನಿಮ್ಮ ಭಾವಮೈದ. ಒಂದು ಮಾತು ತರೋಕೆ ಅವ್ರಿಗೇನು ಭಾರ ಆಗ್ತಿತ್ತಾ?” ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಮೊಣಕಾಲಿನ ಪಟ್ಟಿ ಬಿಗಿಯಾಯಿತೇ ಎಂದು ಅವನು ಅವಳನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು: “ನಿಮಗೆ ಹಗುರ ಆಯ್ತಾ ಸರ್?”

ಆಗಿತ್ತು. ಐದು ನಿಮಿಷದ ಹಿಂದೆ, ಮೆಟ್ಟಿಲ ಮೇಲೆ, ಆಗಿತ್ತು. ಇಲ್ಲ ಎಂದರೆ ಇನ್ನೊಂದು ಸುಳ್ಳು, ಹೌದು ಎಂದರೆ ಹನ್ನೆರಡನೆಯ ಸಂದೇಶ. 

ಅವಳು ಕೈ ಚಾಚಿದಳು. “ಆ ಕಾಗದ ಕೊಡಿ.”

“ಇನ್ನೇನಕ್ಕೆ ಇದು?”

“ನಾಳೆ ಬರೋವ್ರಿಗೂ ಒಂದು ಬರೀಬೇಕಲ್ಲ. ಅರ್ಧ ಮಾತು ಹಾಗೇ ಬಳಸ್ಕೋಬಹುದು.”

ಅವನು ಜೇಬಿನಿಂದ ತೆಗೆದು ಕೊಟ್ಟ. ಬೆವರಿಗೆ ಹಾಳೆ ಮೆತ್ತಗಾಗಿತ್ತು, ಶಾಯಿ ಹರಡಿರಲಿಲ್ಲ. ಅವಳು ಬೆಂಚಿನ ಅಂಚು ಹಿಡಿದು ಎದ್ದಳು, ನೆಟ್ಟಗೆ ನಿಂತಳು, ಅವನಿಗಿಂತ ಅರ್ಧ ತಲೆ ಎತ್ತರ. ಕೈ ಹಿಡಿಯಲು ಅವನು ಒಂದು ಹೆಜ್ಜೆ ಮುಂದಿಟ್ಟ. “ಬೇಡ ಸರ್,” ಎಂದಳು. ಎಡಗಾಲು ಕೆಳಗಿನ ಮೆಟ್ಟಿಲಿಗಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಎಡಗಾಲು. ಬರುತ್ತೇನೆ ಎನ್ನಲಿಲ್ಲ. ಹದಿಮೂರು ವರ್ಷದ ಅಭ್ಯಾಸದಿಂದ ಅವನ ಕಣ್ಣು ಅವಳ ಬೆನ್ನ ಹಿಂದಕ್ಕೆ ಹೋಗಿ ಬೆರಳುಗಳನ್ನು ಹುಡುಕಿತು. ಬೆನ್ನ ಹಿಂದೆ ಏನೂ ಇರಲಿಲ್ಲ. ಒಂದು ಕೈಯಲ್ಲಿ ಕಾಗದವಿತ್ತು, ಇನ್ನೊಂದು ಕೈ ಕಂಬಿ ಹಿಡಿದಿತ್ತು.